ಒಂದು ಅಂಗಳಕ್ಕಾಗಿ ಡೆನ್ಮಾರ್ಕಿಗೆ

ಹೊರಡುವ ಮೊದಲು

ವಿದೇಶಕ್ಕೆ ಹೋಗಿ ಬಂದವರು ವಿಮಾನದ ಕಿಟಕಿಯಲ್ಲಿ ಕಂಡ ಮೋಡಗಳಿಂದ ಕಥೆ ಶುರು ಮಾಡುತ್ತಾರೆ. ನನಗೆ ಕಿಟಕಿ ಪಕ್ಕದ ಸೀಟೇ ಸಿಗಲಿಲ್ಲ. ಸಿಕ್ಕಿದ್ದರೂ ನೋಡಲು ಬಿಡುವಿರಲಿಲ್ಲ. ಪಕ್ಕದಲ್ಲಿ ಶಂಷಾದ್ ಮಡಿಲ ಮೇಲೆ ನಕ್ಷೆ ಹರಡಿಕೊಂಡು, "ಗಿರಿಜಾ, ಅಡುಗೆಮನೆ ಬಾಗಿಲು ಕೆರೆ ಕಡೆಗೆ ಇಡ್ಲಾ, ತೋಟದ ಕಡೆಗಾ?" ಎಂದು ಬೊಂಬಾಯಿಯಿಂದ ಹಿಡಿದು ದಾರಿಯುದ್ದಕ್ಕೂ ನನ್ನ ತಲೆ ತಿಂದಳು.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಶಂಷಾದ್ ಅದೇ ಸ್ಕೂಲಿನ ಡ್ರಾಯಿಂಗ್ ಮೇಡಂ, ಕುಣಿಗಲ್ ಕಡೆಯ ಹೆಣ್ಣು. ಇಬ್ಬರೂ ಅವರವರ ಗಂಡಂದಿರೊಂದಿಗೆ ಬಟವಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದವರು. ಆದರೆ ಒಂದೇ ಬೀದಿಯಲ್ಲಿ ಎಂದೂ ಇರಲಾಗಲಿಲ್ಲ. ನಾನು ಅವಳ ಹತ್ತಿರಕ್ಕೆ ಬಂದೆ ಎನ್ನುವಷ್ಟರಲ್ಲಿ ಅವಳ ಓನರಿಗೆ ಮಗನ ಮದುವೆ, ಖಾಲಿ ಮಾಡಿ ಎನ್ನುತ್ತಿದ್ದರು. ಅವಳು ನನ್ನ ಬೀದಿಯಲ್ಲಿ ಮನೆ ಹುಡುಕಿದರೆ, ಗೇಟಿನಲ್ಲಿ "ಬಾಡಿಗೆಗೆ ಇದೆ" ಎಂಬ ಬೋರ್ಡು ತೂಗುತ್ತಿದ್ದರೂ ಹೆಸರು ಕೇಳಿದ ತಕ್ಷಣ "ಅಯ್ಯೋ, ಈಗ್ ತಾನೇ ಕೊಟ್ಬಿಟ್ವಲ್ಲಾ" ಎನ್ನುತ್ತಿದ್ದರು. ಅಕ್ಕಪಕ್ಕದಲ್ಲಿರಬೇಕು, ಯಾರೂ ಎಬ್ಬಿಸಬಾರದು. ನಮ್ಮಿಬ್ಬರ ಆಸೆ ಇಷ್ಟೇ ಆಗಿತ್ತು.

ಈ ಆಸೆಗೆ ಜಾಗ ಸಿಕ್ಕಿದ್ದು ರುದ್ರಣ್ಣನವರಿಂದ. ಅವರದು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ, ಕಡಬದ ಕೆರೆಯ ಕೆಳಗೆ ತೆಂಗಿನ ತೋಟ. ತೋಟದ ಒಂದು ಮಗ್ಗುಲಲ್ಲಿ ನಾವು ಕೆಲವು ಮನೆಯವರು ಸೇರಿ ಪುಟ್ಟದೊಂದು ಊರು ಕಟ್ಟಿಕೊಳ್ಳುತ್ತೇವೆ ಎಂದಾಗ, ತಾವೂ ಒಂದು ಮನೆ ಹಾಕಿಕೊಳ್ಳುವುದಾಗಿ ಹೇಳಿ ಒಪ್ಪಿದರು. ಮನೆಮನೆಗೆ ಕಾಂಪೌಂಡ್ ಇಲ್ಲ, ನಡುವೆ ಎಲ್ಲರದೂ ಒಂದೇ ಅಂಗಳ. ಬಚ್ಚಲ ನೀರು ಬಾಳೆಗೆ, ಸಗಣಿ ಗ್ಯಾಸಿಗೆ, ಮಳೆನೀರು ತೊಟ್ಟಿಗೆ, ರಾಗಿ ತರಕಾರಿ ನಮ್ಮದೇ ಹೊಲದ್ದು. ಅಂಗಳದ ಮಧ್ಯೆ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಈ ಅಡುಗೆಮನೆ ಮಾತ್ರ ನನ್ನ ಸ್ವಂತ ತಲೆಯದು, ಅದರ ಮೇಲೆ ನನಗೆ ಜಂಬವೋ ಜಂಬ.

ಅಷ್ಟರಲ್ಲಿ ಶಿಕ್ಷಕರ ವಿನಿಮಯದ ಯೋಜನೆಯಲ್ಲಿ ಡೆನ್ಮಾರ್ಕಿನ ಕಿರ್ಸ್ಟನ್ ಎಂಬ ಟೀಚರು ನಮ್ಮ ಸ್ಕೂಲಿಗೆ ಬಂದರು. ಅವರು ಇರುವುದೇ ಅಂಥ ಊರಿನಲ್ಲಂತೆ. ಒಂದೇ ಅಂಗಳ, ಒಂದೇ ಅಡುಗೆಮನೆ, ತಮ್ಮದೇ ಕರೆಂಟು. ನಮ್ಮ ಕಡೆಯಿಂದ ಇಬ್ಬರು ಅಲ್ಲಿಗೆ ಹೋಗುವ ಸರದಿ ಬಂದಾಗ ನಮ್ಮಿಬ್ಬರನ್ನೇ ಕರೆದರು. ವಿಷಯ ತಿಳಿಸಲು ತೋಟಕ್ಕೆ ಹೋದರೆ ರುದ್ರಣ್ಣ ಎಳನೀರು ಕೆತ್ತಿ ಕೊಡುತ್ತಾ ನನ್ನನ್ನು ನೋಡಿ ಹೇಳಿದರು: "ಒಂದೇ ಅಡ್ಗೆಮನೆ ಅಂದ್ರೆ ಶಂಷಾದ್ ಮೇಡಮ್ಮೋರಿಗೆ ತೊಂದ್ರೆ ಆಗಕಿಲ್ವಾ? ಅವರ ಊಟಾನೇ ಬೇರೆ. ಹೋಗಿ ನೋಡ್ಕಂಡ್ ಬನ್ನಿ. ಆಮೇಲೆ ಅವರದ್ದು ತೀರ್ಮಾನ ಮಾಡಾನ."

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಶಂಷಾದಳಿಗೆ ಹೋಗಿತ್ತು. ವಾಪಸ್ ಬರುವ ಬಸ್ಸಿನಲ್ಲಿ, "ನಕ್ಷೆ ಬರೆಯೋಳು ನಾನು. ಅದರಲ್ಲಿ ನನ್ನ ಮನೆ ಇರುತ್ತೋ ಇಲ್ವೋ ಅಂತ ಡೆನ್ಮಾರ್ಕಿಗೆ ಹೋಗಿ ತಿಳ್ಕೋಬೇಕು, ನೋಡು" ಎಂದು ನಕ್ಕಳು.

ವಿಮಾನ ನಿಲ್ದಾಣ

ಇಳಿದ ಕೂಡಲೇ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು. ಕಾರಣ ರಾಗಿ ಹಿಟ್ಟು. ಅದನ್ನು ಚೀಲಗಟ್ಟಲೆ ತುಂಬಿದ್ದು ಶಂಷಾದ್. ಅಲ್ಲಿ ತನಗೆ ತಿನ್ನಲು ಏನೂ ಸಿಗದಿದ್ದರೆ ಎಂಬ ಭಯ ಅವಳಿಗೆ. ನಮ್ಮ ಮನೆಗೆ ಮೊಟ್ಟೆಯೂ ಬರುವುದಿಲ್ಲವಾದ್ದರಿಂದ ನನಗೂ ಅದೇ ಭಯ.

ಇದೇನು ಎಂದ ಅಧಿಕಾರಿ. ಹಿಟ್ಟು ಎಂದೆ. ಹಿಟ್ಟು ಬಿಳಿ ಇರಬೇಕಲ್ಲ ಎಂದ. "ಇವನ ಹಿಟ್ಟು ಬಿಳಿ ಇದ್ರೆ ನಾವೇನ್ ಮಾಡೋಣಮ್ಮ" ಎಂದು ಶಂಷಾದ್ ಕನ್ನಡದಲ್ಲೇ ಗೊಣಗಿದಳು. ಅವನು ನಾಯಿಯನ್ನು ಕರೆಸಿದ. ಕರುವಿನಷ್ಟು ಎತ್ತರದ ನಾಯಿ. ಶಂಷಾದ್ "ಯಾ ಅಲ್ಲಾ!" ಎಂದು ಸೂಟ್‌ಕೇಸುಗಳ ಮೇಲೆ ಹತ್ತಿ ನಿಂತಳು. ನಾಯಿ ಚೀಲಕ್ಕೆ ಮೂತಿ ಹಾಕಿ, ಮೂಗಿಗೆ ಹಿಟ್ಟು ಮೆತ್ತಿಕೊಂಡು, ಸೀನಿ ಹೊರಟುಹೋಯಿತು. ನಾಯಿ ಒಪ್ಪಿದ ಮೇಲೆ ಅವನೂ ಒಪ್ಪಿದ. ಬಾಯಿಬಿಟ್ಟು ಹೇಳಿದವರ ಮಾತಿಗೆ ಬೆಲೆಯಿಲ್ಲ, ನಾಯಿಯ ಸೀನಿಗಿದೆ ಎಂದು ನನಗೆ ಮೈಯೆಲ್ಲ ಉರಿಯಿತು.

ಕಿರ್ಸ್ಟನ್ ಊರು

ಊರು ಚೆನ್ನಾಗಿತ್ತು. ಅದನ್ನು ಮೊದಲು ಹೇಳಿಬಿಡಬೇಕು, ಆಮೇಲೆ ಬೈಯಲು ಅನುಕೂಲ. ಮಧ್ಯೆ ದೊಡ್ಡ ಹುಲ್ಲಿನ ಅಂಗಳ, ಸುತ್ತ ಮನೆಗಳು, ಮನೆಗಳ ಮಾಡಿನ ಮೇಲೂ ಹುಲ್ಲು. ಒಂದು ಕಡೆ ತರಕಾರಿ ಪಾತಿ, ಇನ್ನೊಂದು ಕಡೆ ಸೇಬಿನ ಮರ. ಆಚೆ ಗುಡ್ಡದ ಮೇಲೆ ಗಾಳಿಯಂತ್ರ ಗರಗರ ತಿರುಗುತ್ತಿತ್ತು. ಎಲ್ಲೂ ಒಂದು ಗೋಡೆಯಿಲ್ಲ. ಶಂಷಾದ್ ಬಂದ ದಿನವೇ ಅಂಗಳದ ಉದ್ದಗಲ ಹೆಜ್ಜೆ ಹಾಕಿ ಅಳೆದು ಬರೆದುಕೊಂಡಳು.

ಆದರೆ ಆ ಅಂಗಳದಲ್ಲಿ ಮಾಡುವ ಕೆಲಸಗಳೇನು! ಹೆಸರಿಗೆ ಬೇಸಿಗೆ, ಚಳಿಗಾಳಿ ಮುಖಕ್ಕೆ ರಾಚುತ್ತಿದೆ, ಇವರು ಎಳೆ ಕೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಹೊರಗೆ ಬಿಟ್ಟು, ತಾವು ಒಳಗೆ ಬೆಚ್ಚಗೆ ಕಾಫಿ ಕುಡಿಯುತ್ತಾರೆ. ನನಗೆ ತಡೆಯಲಾಗಲಿಲ್ಲ, ಒಂದು ಗಾಡಿಯನ್ನು ಮೆಲ್ಲಗೆ ಒಳಕ್ಕೆ ತಂದೆ. ತಾಯಿ ಬಂದು ಮೆಲ್ಲಗೆ ಹೊರಕ್ಕೆ ಇಟ್ಟಳು. ತಂಪಿನಲ್ಲಿ ಮಗು ಚೆನ್ನಾಗಿ ನಿದ್ದೆ ಮಾಡುತ್ತದಂತೆ. ಶೀತದ ಮಾತು ಬಿಡಿ, ಹೋಗುವವರು ಬರುವವರ ದೃಷ್ಟಿ ತಾಗುವುದಿಲ್ಲವೇ? ಒಂದು ಕಪ್ಪು ಬೊಟ್ಟಾದರೂ ಇಡಬಾರದೇ?

ಇನ್ನು ಕಕ್ಕಸು. ಅಲ್ಲಿ ನೀರು ಹಾಕುವ ಹಾಗಿಲ್ಲ, ಮರದ ಹೊಟ್ಟು ಹಾಕಬೇಕು. ಎಲ್ಲ ಗೊಬ್ಬರವಾಗುತ್ತದೆ. ವಿಜ್ಞಾನದ ಮೇಡಂ ಆಗಿ ನಾನು ಅದನ್ನು ಮೆಚ್ಚಿದೆ. ಮನುಷ್ಯಳಾಗಿ ಒಳಗೆ ಹೋದಾಗ, ನೀರಿಲ್ಲದೆ ಹೇಗೆ ಶಿವನೇ ಎಂದು ತಲೆ ಮೇಲೆ ಕೈ ಹೊತ್ತು ಕೂತೆ. ಕದ್ದು ಒಂದು ಚೊಂಬು ನೀರು ಒಯ್ದು ಬಳಸಿದ್ದು ಹೇಗೋ ಗೊತ್ತಾಗಿ, ಮರುದಿನ ಬಾಗಿಲಿಗೆ ಚೊಂಬಿನ ಚಿತ್ರ ಬರೆದು ಅದರ ಮೇಲೆ ಅಡ್ಡಗೀಟು ಎಳೆದಿದ್ದರು. ಚಿತ್ರ ಚೆನ್ನಾಗಿ ಬಂದಿಲ್ಲ ಎಂದಷ್ಟೇ ಶಂಷಾದ್ ಹೇಳಿದಳು.

ಸಭೆ

ಆ ಊರಿನಲ್ಲಿ ಸಭೆಯಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಎಲ್ಲರ ಕೈಯಲ್ಲೂ ಹಸಿರು, ಕೆಂಪು ಕಾರ್ಡು. ಒಪ್ಪಿದವರು ಹಸಿರು ಎತ್ತಬೇಕು. ಒಬ್ಬರೇ ಒಬ್ಬರು ಕೆಂಪು ಎತ್ತಿದರೂ ಮಾತು ಮತ್ತೆ ಮೊದಲಿನಿಂದ. ನಾವು ಕೂತ ಮೊದಲ ಸಭೆ ಬಟ್ಟೆ ಒಣಗಿಸುವ ಹಗ್ಗದ್ದು. ಸೇಬಿನ ಮರಕ್ಕೆ ಹಗ್ಗ ಕಟ್ಟಬಹುದೇ ಎಂಬ ಚರ್ಚೆ ಕಳೆದ ಬೇಸಿಗೆಯಿಂದ ನಡೆಯುತ್ತಿತ್ತಂತೆ. ಯೆನ್ಸ್ ಎಂಬ ಎತ್ತರದ ಮುದುಕರು ಮರಕ್ಕೆ ನೋವಾಗುತ್ತದೆ ಎಂದು ಪ್ರತಿ ಸಲವೂ ಕೆಂಪು ಎತ್ತುತ್ತಿದ್ದರು.

ಬಟವಾಡಿಯಲ್ಲಾಗಿದ್ದರೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸಿ, ಅದರ ಕೆಳಗೆ ನಿಂತು ಜಗಳ ಆಡಿ, ಸಂಜೆಗೆ ಸಾರು ಕೊಟ್ಟು ರಾಜಿಯಾಗಿರುತ್ತಿದ್ದರು. ಇಲ್ಲಿ ಯಾರೂ ದನಿ ಎತ್ತುವುದಿಲ್ಲ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಾರೆ. ಆ ತಾಳ್ಮೆ ನೋಡಿಯೇ ನನಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೂ ಹಗ್ಗ ತೀರ್ಮಾನವಾಗಲಿಲ್ಲ.

ನಮ್ಮ ಅಡುಗೆ

ಊರಿನ ಆ ಒಂದೇ ಅಡುಗೆಮನೆಯ ಗೋಡೆಯ ಮೇಲೆ ಅಡುಗೆ ಸರದಿ ಬರೆದಿತ್ತು. ಅತಿಥಿಗಳಿಗೂ ಬಿಡುಗಡೆಯಿಲ್ಲ. ಆ ಅಡುಗೆಮನೆ ನೋಡಲೆಂದೇ ನಾನು ಸಮುದ್ರ ದಾಟಿ ಬಂದವಳು. ಉಮೇದಿನಿಂದ ಒಳಗೆ ಹೋಗಿ ಪಾತ್ರೆಗೆ ಕೈ ಹಾಕಿದರೆ ಶಂಷಾದ್ ಪಿಸುಗುಟ್ಟಿದಳು: "ಗಿರಿಜಾ, ಇದರಲ್ಲಿ ನಿನ್ನೆ ಹಂದಿ ಬೇಯಿಸಿದ್ರು ಕಣೇ. ನಂಗಾಗಲ್ಲ."

"ನಂಗೆ ಮಾತ್ರ ಆಗುತ್ತಾ?" ಎಂದೆ. ನನ್ನ ಕೈ ಆಗಲೇ ಹಿಂದಕ್ಕೆ ಬಂದಿತ್ತು.

ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದಿದ್ದೇವೆ ಎಂದರು ಕಿರ್ಸ್ಟನ್. ಇಬ್ಬರೂ ಒಟ್ಟಿಗೆ "ಬೇಡ" ಎಂದೆವು. ಪಾಪ, ಅವರು ಅತ್ತಿತ್ತ ಹುಡುಕಿ, ಹಣ್ಣಿನ ಜಾಮ್ ಮಾಡಲು ಮಾತ್ರ ಇಟ್ಟಿದ್ದ ದೊಡ್ಡ ಪಾತ್ರೆಗಳನ್ನು ತಂದುಕೊಟ್ಟರು. ಒಲೆಯ ಮೇಲೆ ಅವು ಕೂರಲಿಲ್ಲ. ಸರಿ, ಅಂಗಳದಲ್ಲೇ ಮೂರು ಕಲ್ಲು ಹೂಡಿದೆವು. ಬೆಂಕಿ ಹಚ್ಚಬಹುದೇ ಎಂದು ಕೇಳಿದೆವು, ಹಚ್ಚಿ ಎಂದರು. ಸೌದೆ ಯಾವುದು ಎಂದು ಮಾತ್ರ ಕೇಳಲಿಲ್ಲ. ಕೇಳುವುದೇನು? ಅಂಗಳದ ಮೂಲೆಯಲ್ಲಿ ಒಣಗಿದ ಪುಳ್ಳೆ ರಾಶಿ ಬಿದ್ದಿತ್ತು. ನಮ್ಮ ಕಡೆ ಹುಟ್ಟಿದ ಯಾವ ಹೆಂಗಸು ತಾನೇ ಅಂಥ ರಾಶಿ ನೋಡಿ ಅದು ಒಲೆಗಲ್ಲ ಎಂದುಕೊಳ್ಳುತ್ತಾಳೆ? ಮಡಿಲು ತುಂಬ ತಂದು ತಂದು ಉರಿಸಿದೆವು.

ಆ ಹೊತ್ತು ನಮ್ಮ ಪ್ರವಾಸದಲ್ಲೇ ಚೆಂದದ ಹೊತ್ತು. ಹೊಗೆ ಎದ್ದದ್ದೇ ತಡ, ಮನೆಮನೆಯಿಂದ ಜನ ಹೊರಗೆ ಬಂದು ಒಲೆ ಸುತ್ತ ಕೂತರು. ಮುದ್ದೆ ಕೋಲಿಲ್ಲದ್ದಕ್ಕೆ ಹೊಸ ಸಲಿಕೆಯ ಹಿಡಿ ತೊಳೆದುಕೊಂಡು ಶಂಷಾದ್ ಮುದ್ದೆ ತಿರುವಿದಳು. ನಾನು ಬೇಳೆ ಸೊಪ್ಪು ಹಾಕಿ ಸಾರು ಮಾಡಿದೆ. ಇದ್ದ ಹಿಟ್ಟಿನಲ್ಲಿ ತಲೆಗೊಂದು ಪುಟ್ಟ ಉಂಡೆ ಬಂತು. "ಅಗಿಯಬೇಡಿ, ಸಾರಿನಲ್ಲಿ ಅದ್ದಿ ನುಂಗಿ" ಎಂದು ಬಡಕೊಂಡರೂ ಅವರು ಅಗಿದರು. ಅಗಿದು ಅಗಿದು ಹಲ್ಲಿಗೆ ಅಂಟಿಸಿಕೊಂಡು, ಒಬ್ಬರನ್ನೊಬ್ಬರು ನೋಡಿ ನಕ್ಕರು. ದಿನಾ ಗಂಭೀರವಾಗಿರುತ್ತಿದ್ದವರು ಅಂದು ಕೈಯಲ್ಲಿ ಉಂಡರು. ಅವರಲ್ಲಿ ಮಾಂಸ ತಿನ್ನುವವರೂ ಇದ್ದರು, ತಿನ್ನದವರೂ ಇದ್ದರು, ಯಾರೂ ಪಾತ್ರೆಯ ಸುದ್ದಿ ಎತ್ತಲಿಲ್ಲ.

ಆಗ ತಿರುಗಾಡಲು ಹೋಗಿದ್ದ ಯೆನ್ಸ್ ಬಂದರು. ಖಾಲಿ ಮೂಲೆ ನೋಡಿದರು, ಒಲೆ ನೋಡಿದರು, ಗರ ಬಡಿದವರಂತೆ ನಿಂತರು. ಅದು ಸೌದೆಯಾಗಿರಲಿಲ್ಲ, ಮನೆಯಾಗಿತ್ತು. ಮುಷ್ಟಿಗಾತ್ರದ, ಮೈಯೆಲ್ಲ ಮುಳ್ಳಿರುವ ಒಂದು ಪ್ರಾಣಿ ಅಲ್ಲಿರುತ್ತದೆ. ನಮ್ಮ ಮುಳ್ಳುಹಂದಿಯ ಬಡ ಸಂಬಂಧಿ ಅನ್ನಿ. ಅದಕ್ಕಾಗಿಯೇ ಸಭೆ ಸೇರಿ, ಎಲ್ಲರೂ ಹಸಿರು ಎತ್ತಿ, ಆ ಪುಳ್ಳೆಗಳನ್ನು ಒಟ್ಟಿದ್ದರು.

ಶಂಷಾದ್ ಬೂದಿಯ ಮುಂದೆ ಕುಸಿದು ಕೂತಳು. "ತೌಬಾ ತೌಬಾ, ಸುಟ್ಟುಬಿಟ್ವೇನೇ ಅದನ್ನ?" ಎಂದು ಅಳತೊಡಗಿದಳು. ನಾನು ಕೋಲು ಹಿಡಿದು ಬೂದಿ ಕೆದಕಿದೆ. ಊರಿಗೆ ಊರೇ ಮಂಡಿಯೂರಿ ಹುಡುಕಿತು. ರಾತ್ರಿ ಊಟವಾದರೂ ಹೊತ್ತು ಮುಳುಗದ ಬೇಸಿಗೆ, ಪುಣ್ಯಕ್ಕೆ ಬೆಳಕಿತ್ತು. ಪ್ರಾಣಿ ಹಣ್ಣಿನ ಪೊದೆಯ ಕೆಳಗೆ ಹುಳ ಮೆಲ್ಲುತ್ತಿತ್ತು. ನಮ್ಮನ್ನು ನೋಡಿ ಚೆಂಡಿನಂತೆ ಮುದುಡಿಕೊಂಡಿತು, ಅಷ್ಟೆ.

ಸರಿಹೋಯಿತಲ್ಲ, ಇನ್ನು ಮಲಗೋಣ ಎಂದರೆ ಇಲ್ಲ, ಸಭೆ! ಪ್ರಾಣಿಗೆ ಹೊಸ ಮನೆ ಎಲ್ಲಿ? ಗಾಳಿ ಎತ್ತಲಿಂದ, ನೆರಳು ಎಲ್ಲಿದೆ, ಮಕ್ಕಳ ಗದ್ದಲ ಎಷ್ಟು, ಒಂದೂ ಬಿಡಲಿಲ್ಲ. ನಮ್ಮ ಕೈಗೂ ಕಾರ್ಡು ಕೊಟ್ಟರು. ಬೈಯುತ್ತಾರೆ ಎಂದು ಕಾದರೆ ಒಬ್ಬರೂ ಬೈಯಲಿಲ್ಲ, ಅದೇ ದೊಡ್ಡ ಹಿಂಸೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಕೊನೆಗೆ ಸೇಬಿನ ಮರದ ಬುಡ ಎಂದಾಯಿತು. ಯೆನ್ಸ್ ಕೂಡ ಹಸಿರು ಎತ್ತಿದರು.

ಕೋಣೆಗೆ ಬಂದ ಮೇಲೆ ಶಂಷಾದ್ ಹಾಸಿಗೆಯ ತುದಿಯಲ್ಲಿ ಕೂತಳು. "ಒಂದು ಪ್ರಾಣಿ ಎಲ್ಲಿರಬೇಕು ಅಂತ ಇಷ್ಟು ಜನ ಕೂತು ಯೋಚನೆ ಮಾಡಿದ್ರಲ್ಲೇ, ಗಿರಿಜಾ" ಎಂದಳು. ನಗಲಿಲ್ಲ.

ಮರುದಿನ ಪಾತ್ರೆ ತಿಕ್ಕುವಾಗ ಕಿರ್ಸ್ಟನ್ ಮೆಲ್ಲಗೆ ಬಾಯಿಬಿಟ್ಟರು. ಈ ಒಂದೇ ಅಡುಗೆಮನೆಯ ಕಾಟಕ್ಕೆ, ಮಾಂಸ ಬೇಕು ಬೇಡ ಎನ್ನುವ ಜಗಳಕ್ಕೆ, ಕೆಲವರು ಊರನ್ನೇ ಬಿಟ್ಟು ಹೋಗಿದ್ದಾರೆ. "ಇದನ್ನ ತುಮಕೂರಿನಲ್ಲೇ ಹೇಳಬಾರದಿತ್ತೇ?" ಎಂದೆ. ನೀವು ಕೇಳಲಿಲ್ಲವಲ್ಲ ಎಂದರು.

ಶಂಷಾದ್ ನಕ್ಷೆ ಬಿಡಿಸಿ ರಬ್ಬರು ಕೈಗೆತ್ತಿಕೊಂಡಳು. "ನಮ್ಮಿಬ್ರಿಗೇ ಒಂದು ಪಾತ್ರೆ ಒಪ್ಪಲಿಲ್ಲ. ನಿನ್ನ ಅಡುಗೆಮನೆ ಬೇಡ ಕಣೇ. ಅವರವರ ಅಡುಗೆ ಅವರವರ ಮನೇಲಿ. ಅಂಗಳ ಮಾತ್ರ ಒಂದೇ ಇರಲಿ." ನನ್ನ ಜಂಬದ ಅಡುಗೆಮನೆ ಉಜ್ಜಿ ಪುಡಿಯಾಗಿ ಹೋಯಿತು. ಆ ಜಾಗದಲ್ಲಿ ಅವಳು ಒಂದು ಹೊಂಗೆ ಮರ ಬರೆದಳು, ಕೂರಲು ಸುತ್ತ ಕಟ್ಟೆ ಬರೆದಳು. ರುದ್ರಣ್ಣನವರ ತೊಂದರೆಯೂ ಇದರಿಂದ ತೀರಿತಲ್ಲ ಎಂದು ನಾನು ಹಿಗ್ಗಿದೆ. ನನ್ನ ಬುದ್ಧಿ ಇಷ್ಟೇ.

ಕಡಬ

ಬಂದ ಮೊದಲ ಭಾನುವಾರವೇ ತೋಟದಲ್ಲಿ ಎಲ್ಲ ಮನೆಯವರೂ ಸೇರಿದರು. ಶಂಷಾದ್ ಚಾಪೆಯ ಮೇಲೆ ನಕ್ಷೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ತೆಂಗಿನಕಾಯಿ ಇಟ್ಟಳು. ನೀರು ಎಲ್ಲಿಂದ ಎಲ್ಲಿಗೆ, ಬಾಳೆ ಎಲ್ಲಿ, ದನದ ಕೊಟ್ಟಿಗೆ ಎಲ್ಲಿ, ಎಲ್ಲವನ್ನೂ ಬೆರಳಿಟ್ಟು ತೋರಿಸಿದಳು. ಎಲ್ಲರೂ ಭೇಷ್ ಎಂದರು. ಅಡುಗೆಮನೆ ತೆಗೆದ ವಿಷಯ ನಾನೇ ಹೇಳಿದೆ.

ರುದ್ರಣ್ಣ ಬಹಳ ಹೊತ್ತು ನಕ್ಷೆ ನೋಡಿದರು. "ಬೋ ಚೆನ್ನಾಗೈತೆ. ಅಡ್ಗೆಮನೆ ಹೋಗಿದ್ದೂ ಒಳ್ಳೇದೇ ಆಯ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು: "ಆದ್ರೂನೂವೆ ಮೇಡಮ್ಮೋರೆ, ಅಂಗಳ ಒಂದೇ ಅಲ್ವರಾ? ಹಬ್ಬ ಹುಣ್ಣಿಮೆ ಬರ್ತವೆ, ನೆಂಟ್ರಿಷ್ಟ್ರು ಬರ್ತಾರೆ. ಅವರಿಗೇ ಮುಜುಗರ ಆಗಬಾರ್ದು ಅಂತ ನಾನು ಹೇಳ್ತಿರಾದು."

ಯಾರಿಗೆ ಎಂದು ಹೆಸರು ಹೇಳಲಿಲ್ಲ. ಶಂಷಾದ್ ಅವರಿಂದ ಮಾರುದೂರದಲ್ಲಿ, ತಾನೇ ಬರೆದ ಅಂಗಳದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಉಳಿದವರೆಲ್ಲ ಎಳನೀರಿನ ಬುರುಡೆಯೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕತೊಡಗಿದರು.

ನಾನು ಬಾಯಿ ತೆರೆಯುವ ಮೊದಲೇ ಶಂಷಾದ್ ಎದ್ದಳು. "ಬುಡಿ ರುದ್ರಣ್ಣೋರೆ, ನಮಗೂ ಇಲ್ಲಿಂದ ದೂರಾನೇ ಆಗ್ತಿತ್ತು. ನಮ್ಮೆಜಮಾನ್ರ ಸೈಕಲ್ ಅಂಗಡಿ ಬಟವಾಡೀಲಿ. ಅಲ್ಲೇ ಇರ್ತೀವಿ. ನಕ್ಷೆ ಇಟ್ಕೊಳಿ" ಎಂದಳು. ಎಲ್ಲರ ಮುಖ ಎಷ್ಟು ಸಡಿಲವಾಯಿತೆಂದರೆ, ಅದನ್ನು ನೋಡಿ ನನಗೆ ಹೇಸಿಗೆಯಾಯಿತು. ಒಬ್ಬಾಕೆಯಂತೂ "ಪಾಪ, ಎಷ್ಟು ಅರ್ಥ ಮಾಡ್ಕೊಂಡ್ರು" ಎಂದೇಬಿಟ್ಟಳು.

"ಅವಳ ಅಂಗಡಿ ಕಥೆ ಬಿಡಿ!" ಎಂದು ನಾನು ಕಿರುಚಿದೆ. "ಶಂಷಾದ್ ಬೇಡ ಅನ್ನೋರು ಯಾರು? ಕೈ ಎತ್ತಿ. ಮುಖ ನೋಡ್ಕೊಂಡು ಎತ್ತಿ!"

ಒಂದು ಕೈಯೂ ಏಳಲಿಲ್ಲ.

"ಹಂಗಾದ್ರೆ ಬೇಕು ಅನ್ನೋರು?"

ಅದಕ್ಕೂ ಏಳಲಿಲ್ಲ. ರುದ್ರಣ್ಣ ನೊಂದುಕೊಂಡವರಂತೆ, "ಮೇಡಮ್ಮೋರೆ, ಯಾಕೆ ಹಿಂಗೆ ರಾಂಗಾಯ್ತೀರಿ? ಯಾರೂ ಏನೂ ಅನ್ನಲಿಲ್ವಲ್ಲ" ಎಂದರು. ನಿಜ, ಯಾರೂ ಏನೂ ಅನ್ನಲಿಲ್ಲ. ನಾನು ಕಾಯಿಗಳನ್ನು ಒದ್ದು, ನಕ್ಷೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ.

ಶಂಷಾದ್ ನನ್ನ ಹಿಂದೆಯೇ ಬಂದು ಬಸ್ಸು ಹತ್ತಿದಳು. ಗುಬ್ಬಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಸಿಡಿದಳು. "ನೀನ್ಯಾಕೆ ಎದ್ದು ಬಂದೆ? ಬುದ್ಧಿ ಬೇಡ್ವಾ ನಿಂಗೆ? ನಾನು ಹಂಗಂದಿದ್ದು ನೀನಾದ್ರೂ ಅಲ್ಲಿ ಇರಲಿ ಅಂತ ಕಣೇ. ನೀನೂ ಬಿಟ್ಟುಬಂದ್ರೆ ನಾನು ಬಿಟ್ಟಿದ್ದು ಏನಕ್ಕೆ ಬಂತು?"

"ಅವರನ್ನ ಬೈಯೋದು ಬಿಟ್ಟು ನನ್ನ ಬೈತೀಯಲ್ಲೇ! ನಿಂಗೆ ಕೋಪಾನೇ ಬರಲ್ವಾ?"

"ಬರುತ್ತೆ. ಮನೆ ಕೇಳೋಕೆ ಹೋದಾಗಲೆಲ್ಲ ಬರುತ್ತೆ. ಬಂದು ಏನ್ಮಾಡ್ಲಿ, ಹೇಳು."

"ನಿನ್ನ ಬಿಟ್ಟು ಅಲ್ಲಿ ನಾನು ಯಾರ ಹತ್ರ ಜಗಳ ಆಡ್ಲಿ?" ಎಂದೆ. ಅವಳು ಕಿಟಕಿ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ತುಮಕೂರು ಬರುವವರೆಗೆ ಇಬ್ಬರೂ ಅತ್ತೆವು, ಕಂಡಕ್ಟರು ಪಾಪ ಎರಡು ಸಲ ಏನಾಯ್ತು ಎಂದು ಕೇಳಿದ.

ಮತ್ತೆ ಬಟವಾಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಶಂಷಾದಳ ಓನರು ಮತ್ತೆ ಖಾಲಿ ಮಾಡಿ ಎಂದರು. ಈ ಸಲ ಮನೆ ಹುಡುಕಲು ನಾನೂ ಜೊತೆಗೆ ಹೋದೆ. ಅವರು ಕೇಳುವ ಮೊದಲೇ ಅವಳ ಹೆಸರನ್ನು ನಾನೇ ಗಟ್ಟಿಯಾಗಿ ಹೇಳುತ್ತಿದ್ದೆ, ಕೊಡದಿದ್ದರೆ ಸುಮ್ಮನೆ ನಮ್ಮ ಕಾಲ ಕಳೆಯಬೇಡಿ ಎಂದು. ಸಾಕಷ್ಟು ಬಾಗಿಲು ಮುಚ್ಚಿಸಿಕೊಂಡ ಮೇಲೆ ಹೆದ್ದಾರಿ ಪಕ್ಕದ ಗಲ್ಲಿಯಲ್ಲಿ ನಂಜಪ್ಪ ಎಂಬ ಮುದುಕರೊಬ್ಬರ ಅಕ್ಕಪಕ್ಕದ ಎರಡು ಮನೆ ಸಿಕ್ಕವು. ಹಿಂದಿನ ಬಾಡಿಗೆಯವರು ತಮ್ಮತಮ್ಮಲ್ಲೇ ಕಿತ್ತಾಡಿಕೊಂಡು ಎರಡನ್ನೂ ಬಿಟ್ಟು ಹೋಗಿದ್ದರು. ನಂಜಪ್ಪ ನಮ್ಮ ಹೆಸರು ಕೇಳಿಸಿಕೊಂಡು, "ಮೋಟ್ರು ಆಫ್ ಮಾಡಾದು ಮರೀಬೇಡಿ, ಜಗಳ ಆಡ್ಕಂಡು ನನ್ತಾವ ಬರಬೇಡಿ" ಎಂದಷ್ಟೇ ಹೇಳಿ ಎರಡು ಬೀಗದಕೈ ಕೊಟ್ಟರು.

ಹಿತ್ತಲಲ್ಲಿ ಎರಡು ಮನೆಗೂ ನಡುವೆ ಎದೆಮಟ್ಟದ ಗೋಡೆ. ಒಗೆಯುವ ಕಲ್ಲು, ನಲ್ಲಿ ನನ್ನ ಕಡೆ, ಬಿಸಿಲು ಅವಳ ಕಡೆ. ಅವಳು ಒಗೆಯಲು ಬೀದಿ ಸುತ್ತಿ ಬರಬೇಕು, ನಾನು ಒಣಗಿಸಲು ಬೀದಿ ಸುತ್ತಿ ಹೋಗಬೇಕು. ಒಂದು ವಾರ ಒದ್ದೆ ಬಕೆಟ್ಟು ಹೊತ್ತು ತಿರುಗಿದೆವು. ಎಂಟನೆಯ ದಿನ ಶಂಷಾದ್ ಅಂಗಡಿಯಿಂದ ಸುತ್ತಿಗೆ ತರಿಸಿದಳು. ಇಬ್ಬರ ಗಂಡಂದಿರೂ ಬೇಡ ಬೇಡ ಎನ್ನುತ್ತಲೇ ಕೈ ಹಾಕಿದರು. ಸಂಜೆಗೆ ಗೋಡೆ ಮಲಗಿತ್ತು. ಬಚ್ಚಲ ನೀರಿಗೆ ಬಾಳೆ ನೆಟ್ಟೆವು. ಮಾಡಿನ ನೀರಿಗೆ ಡ್ರಮ್ಮು ಇಟ್ಟೆವು. ಅವಳ ಕೋಳಿಗಳು ನನ್ನ ಕರಿಬೇವಿನ ಬುಡ ಕೆದಕಿ ಹಾಳು ಮಾಡಿದವು. ಅದಕ್ಕೆ ದಿನಾ ಬೆಳಿಗ್ಗೆ ಬಾಯಿಗೆ ಬಂದಂತೆ ಬೈಯುತ್ತೇನೆ.

ನಂಜಪ್ಪ ಬಂದವರು ಹಿತ್ತಲು ನೋಡಿ ಕಣ್ಣು ಕಣ್ಣು ಬಿಟ್ಟರು. "ಏನ್ರಮ್ಮಾ ಇದು! ಯಾರನ್ನ ಕೇಳಿ ಒಡೆದ್ರಿ?"

ನಾನು ತಲೆ ಕೆರೆದುಕೊಂಡೆ. ಶಂಷಾದ್ ನನ್ನ ಒದ್ದೆ ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದಳು, ಕೈ ಬಿಡಲಿಲ್ಲ.

"ಆಯ್ತು, ಒಡೆದಿದ್ದು ಒಡೆದ್ರಿ" ಎಂದರು ನಂಜಪ್ಪ. "ಮನೆ ಬಿಡುವಾಗ ಮಾತ್ರ ಗೋಡೆ ಮತ್ತೆ ಕಟ್ಟಿಸಿಕೊಟ್ಟು ಹೋಗ್ಬೇಕು, ಈಗಲೇ ಹೇಳಿವ್ನಿ."

"ಬಿಡುವಾಗ ತಾನೇ?" ಎಂದಳು ಶಂಷಾದ್. "ಆಗ್ಲಿ ಬುಡಿ, ಕಟ್ಟಿಸಿಕೊಡ್ತೀವಿ."

ಸೀರೆಯನ್ನು ಕೊಡವಿ ತನ್ನ ಕಡೆಯ ಬಿಸಿಲಿಗೆ ಹರವಿದಳು.